ಇಲ್ಲದ ಹೊಸ್ತಿಲಿಗೆ ನಮಸ್ಕಾರ

ನಾನು ಬಗ್ಗಿ ಹೊಸ್ತಿಲು ಮುಟ್ಟಿದೆ. ಕೈಗೆ ಸಿಕ್ಕಿದ್ದು ಬರಿಯ ನೆಲ. ಬೀದರದ ಆಸ್ಪತ್ರೆಯೊಂದರಲ್ಲಿ ನನ್ನ ಕಣ್ಣಿಗೆ ದಪ್ಪನೆಯ ಯಂತ್ರದ ಕನ್ನಡಕ ಕಟ್ಟಿದ್ದರು. ಅದರೊಳಗಿಂದ ಅದೇ ಕೋಣೆ ಕಾಣುತ್ತಿತ್ತು, ಆದರೆ ನಡುವೆ ಇಲ್ಲದ ಬಾಗಿಲೊಂದು ನಿಂತಿತ್ತು. ವಯಸ್ಸಾದವರ ನಡಿಗೆಯನ್ನು ಹೀಗೆ ಪರೀಕ್ಷಿಸುತ್ತಾರಂತೆ. ಔರಾದದಲ್ಲಿರುವ ಅಕ್ಕನ ಮನೆಗೆ ನಾನು ಇನ್ನೂ ಒಬ್ಬಳೇ ಬಸ್ಸಿನಲ್ಲಿ ಹೋಗಬಹುದೇ ಎಂದು ತಿಳಿಯಲು ಮಗ ಭಾಲ್ಕಿಯಿಂದ ಕರೆತಂದಿದ್ದ.

ಯಂತ್ರ ನೋಡುತ್ತಿದ್ದ ಹುಡುಗಿ ಅವನತ್ತ ತಿರುಗಿ, “ಅಜ್ಜಿಗಿ ಒಬ್ಬರಿಗೇ ಕಳಸಬ್ಯಾಡ್ರಿ ಸರ್. ಹೊಸ್ತಲದಾಗೇ ಮುಗ್ಗರಿಸ್ಯಾರಂತ ತೋರಸ್ಲತ್ತದ” ಎಂದಳು.

ನಾನು ದಂಗಾದೆ. ಹುಟ್ಟಿದಾಗಿನಿಂದ ರೂಢಿಯಾದ ನಮಸ್ಕಾರ ಆ ಯಂತ್ರಕ್ಕೆ ಮುಗ್ಗರಿಸಿದಂತೆ ಕಂಡಿತ್ತು. “ಮುಗ್ಗರಿಸಿದ್ದಲ್ಲ ತಂಗಿ, ನಮಸ್ಕಾರ ಮಾಡಿದ್ದು. ನಿಮ್ಮ ಮನ್ಯಾಗ ಹೊಸ್ತಲಾ ತುಳದು ಹೋಗ್ತಾರೇನು?” ಎಂದೆ.

ಮತ್ತೊಮ್ಮೆ ನಡೆಸಿದರು. ಮುಟ್ಟದೆ ದಾಟಿದೆ. ನನ್ನ ಮನಸ್ಸು ಒಪ್ಪಲಿಲ್ಲ, ಯಂತ್ರ ಒಪ್ಪಿತು.

ಅಕ್ಕನ ಮನೆಗೆ ಈಗಲೂ ಒಬ್ಬಳೇ ಹೋಗುತ್ತೇನೆ. ನಮ್ಮ ಪದ್ಧತಿ ತಿಳಿಯದ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಎದುರಿಗೇ ನಿಂತಿದ್ದ ನನ್ನನ್ನು ಒಂದು ಮಾತೂ ಕೇಳದೆ ಆ ಹುಡುಗಿ ಮಗನಿಗೆ ತೀರ್ಪು ಹೇಳಿದ್ದನ್ನು ಮಾತ್ರ ಮರೆತಿಲ್ಲ.