ಮೀನೆಣ್ಣೆ ಬಳಿದ ಲಾರಿ

ಕಾಪುವಿನ ಉಪ್ಪುಗಾಳಿ ನಮ್ಮ ಮನೆಯಲ್ಲಿ ಮೊದಲು ತಿನ್ನುವುದು ನನ್ನ ಹಳೆಯ ಮಿನಿ ಲಾರಿಯನ್ನು. ಬೆಳ್ಮಣ್‌ನಿಂದ ತೆಂಗಿನಕಾಯಿ ತರಲೆಂದು ಕೊಂಡದ್ದು. ಈಗ ಅದರ ಮೇಲೆ ಕಾಯಿ ಇರುವುದಕ್ಕಿಂತ ಅದರ ಕೆಳಗೆ ನಾನಿರುವುದೇ ಹೆಚ್ಚು. ಭಾನುವಾರ ಗಂಜಿಗೆ ಮೊದಲು ತುಕ್ಕು ಕೆರೆಯಲು ವೈರ್ ಬ್ರಷ್, ಗಂಜಿಯ ನಂತರ ತುಕ್ಕು ತಡೆಯಲು ರೆಡ್ ಆಕ್ಸೈಡ್ ಪೇಂಟ್. ಕ್ರಮವೆಂದರೆ ಕ್ರಮ. ಕಳೆದ ಮಳೆಗಾಲದಲ್ಲಿ ಈ ಕೆಲಸ ನಿಂತಾಗ ಹೆಂಡತಿಯ ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದೆ. ಅಂದಿನ ಸಾರಿಗೆ ಉಪ್ಪೇ ಬೀಳಲಿಲ್ಲ, ಅವಳಿಗೆ ಸಿಕ್ಕಿರಲಿಲ್ಲವಂತೆ.

ಈ ಸಲ ಎಫ್‌ಸಿ ತಪಾಸಣೆ, ಅಂದರೆ ಗಾಡಿ ಓಡಲು ಯೋಗ್ಯವೇ ಎಂಬ ಸರಕಾರಿ ಪರೀಕ್ಷೆ, ಹತ್ತಿರ ಬಂದಾಗ ಅವಳು ಹೇಳಿದಳು: "ಪಾಸಾದರೆ ಇರಲಿ. ಫೇಲಾದರೆ ಗುಜರಿಗೆ. ಮತ್ತೆ ಮಾತಿಲ್ಲ."

ಒಪ್ಪಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಭಾಗವನ್ನೆಲ್ಲ ಬಡಿದು ನೋಡಿದೆ. ಟಣ್ ಎಂದಲ್ಲಿ ಕಬ್ಬಿಣ. ಡಬ್ ಎಂದಲ್ಲಿ ಬರೀ ಪೇಂಟ್. ಡಬ್ ಎಂದದ್ದನ್ನೆಲ್ಲ ಕತ್ತರಿಸಿ, ಹೊಸ ತಗಡು ಕೂರಿಸಿ, ಬಾಡಿಗೆಯ ಮೆಷಿನ್ ತಂದು ನಾನೇ ವೆಲ್ಡಿಂಗ್ ಮಾಡಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹೆಜಮಾಡಿಯ ಗೆಳೆಯ ತನ್ನ ದೋಣಿಗೆ ಮೀನೆಣ್ಣೆ ಬಳಿಯುವುದನ್ನು ನೋಡಿದ್ದೆ. ಉಪ್ಪುನೀರಿನಲ್ಲೇ ಬದುಕುವ ದೋಣಿಗೆ ಆಗುವುದು ಲಾರಿಗೆ ಆಗದೇ?

"ಒಳ್ಳೆ ಬಿಸಿಲಿಗೆ ಒಣಗಬೇಕು ಮಾರಾಯ, ಅವಸರ ಮಾಡಬೇಡ," ಎನ್ನುತ್ತಾ ಅವನು ಡಬ್ಬ ಕೊಟ್ಟ. ತಪಾಸಣೆ ಇದ್ದದ್ದು ಸೋಮವಾರ. ನಾನು ಬಳಿದದ್ದು ಭಾನುವಾರ, ಗಂಜಿಯ ನಂತರ, ಮೋಡ ಕವಿದಾಗ.

ಸೋಮವಾರ ನಮ್ಮಲ್ಲಿ ಮೀನು ಮುಟ್ಟುವುದಿಲ್ಲ. ಅಂದು ಬೆಳಿಗ್ಗೆ ಊರಿನ ಬೆಕ್ಕುಗಳೆಲ್ಲ ಲಾರಿಯ ಅಡಿಯಲ್ಲಿ ಸಭೆ ಸೇರಿದ್ದವು. ಅವುಗಳನ್ನು ಓಡಿಸಿ ಹೊರಟೆ. ದಾರಿಯಲ್ಲಿ ಕಡಿಯಾಳಿ ದೇವಸ್ಥಾನಕ್ಕೆ ಹೋಗಲೆಂದು ಮಲ್ಲಿಗೆ ಮುಡಿದು ಹತ್ತಿದ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿದಳು.

"ಎಂತ ಇದು? ಸೋಮವಾರ ಬೂತಾಯಿ ಮೀನಿನ ವಾಸನೆ!"

"ಬರೀ ಎಣ್ಣೆ. ಮೀನು ಇಲ್ಲ."

"ಅದನ್ನು ದೇವರಿಗೆ ನೀವೇ ಹೇಳಿ ಮಾರಾಯ್ರೆ!"

ದೇವಸ್ಥಾನದಿಂದ ಬಹಳ ದೂರ ನಿಲ್ಲಿಸಲು ಹೇಳಿ, ನಡೆದೇ ಹೋದಳು. ತುಂಬ ಹೊತ್ತು ಬರಲಿಲ್ಲ. ಲಾರಿ ಫೇಲಾಗಲಿ ಎಂದೇ ಬೇಡುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಅವಳು ಬಂದು ಹತ್ತಿದ ಮೇಲೆ ಮಣಿಪಾಲಕ್ಕೆ ತಪಾಸಣೆಗೆ ಹೋದೆವು. ಅಲ್ಲಿ ಇನ್‌ಸ್ಪೆಕ್ಟರು ಅಡಿಗೆ ಬಗ್ಗಿದವರು ಹೌಹಾರಿ ಹಿಂದೆ ಸರಿದರು. ಚಾಸಿಯ ಸಂದಿಯಿಂದ ಒಂದು ಕಪ್ಪು ಬೆಕ್ಕು ಇಳಿದು, ಮೈಮುರಿದು, ಅವರನ್ನೇ ನೋಡುತ್ತಾ ಕುಳಿತಿತು. ಕಾಪುವಿನಿಂದ ಟಿಕೆಟಿಲ್ಲದೆ ಬಂದಿತ್ತು.

"ಮೀನಿನ ಗಾಡಿಯಾ?"

"ಅಲ್ಲ ಸಾರ್, ತೆಂಗಿನಕಾಯಿಯದ್ದು."

"ಇದಕ್ಕೆ ಗೊತ್ತುಂಟಾ?" ಎಂದು ಬೆಕ್ಕನ್ನು ತೋರಿಸಿ, ಸುತ್ತಿಗೆ ಕೈಗೆತ್ತಿಕೊಂಡರು. ಟಣ್. ಟಣ್. ಎಲ್ಲಿ ಬಡಿದರೂ ಟಣ್. ಬ್ರೇಕು, ದೀಪ, ಹೊಗೆ ಎಲ್ಲ ನೋಡಿ ಪಾಸ್ ಮಾಡಿದರು.

"ಹೇಗೆ? ದೇವರು ನಿನ್ನ ಮಾತು ಕೇಳಲಿಲ್ಲ, ಅಲ್ವಾ?" ಎಂದು ಹೆಂಡತಿಯನ್ನು ಕೆಣಕಿದೆ.

"ಕೇಳದೆ ಎಂತ? ಪಾಸಾಗಲಿ ಅಂತಲೇ ಬೇಡಿದ್ದು. ಇದು ಗುಜರಿಗೆ ಹೋದರೆ ನೀವು ಪುನಃ ನನ್ನ ಅಡುಗೆಮನೆಗೆ ಬರುವುದಿಲ್ವಾ?"

ಅಷ್ಟು ಹೇಳಿ, ಪುನಃ ಸೆರಗಿನಿಂದ ಮೂಗು ಮುಚ್ಚಿ, ಮನೆಗೆ ಹೋಗಲು ಉಡುಪಿಯ ಬಸ್ಸು ಹತ್ತಿದಳು. ಅವಳ ಸೀಟಿನಲ್ಲಿ ಕುಳಿತು ನನ್ನೊಂದಿಗೆ ಊರಿಗೆ ಮರಳಿದ್ದು ಬೆಕ್ಕು.