ಮೂರನೇ ಯಂತ್ರ ಬಿಡದ ಫೈಲು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ರಾತ್ರಿ ನಾನು ಕುಡಿದಿರಲಿಲ್ಲ, ನಿದ್ದೆಗಣ್ಣಿನಲ್ಲೂ ಇರಲಿಲ್ಲ.

ಎಂಬತ್ತರ ದಶಕದ ಕೊನೆ. ಶಿಗ್ಗಾಂವಿಯಲ್ಲಿ ಬೀಜ ಹಂಚುವ ಸಂಘವೊಂದರ ಗುಮಾಸ್ತ ನಾನು. ಹೊಸದಾಗಿ ಬಂದ ಮೂರು ಕಂಪ್ಯೂಟರುಗಳಿಗೆ ಬೀಜದ ಫೈಲು ಒಂದೇ. ಒಬ್ಬರು ತೆರೆದು ಕೂತರೆ ಉಳಿದವರಿಗೆ ಲಾಕ್. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ.

ಮೂರನೆಯದರಲ್ಲಿ ಕೂರುತ್ತಿದ್ದವನು ಗೆಳೆಯ ಚನ್ನಪ್ಪ, ಹಂಸಭಾವಿಯವನು. ಹಿಂದಿನ ಸಂಜೆ ಫೈಲು ತೆರೆದಿಟ್ಟೇ ಮೇಜಿನ ಮೇಲೆ ತಲೆಯಿಟ್ಟ... ಮತ್ತೆ ಎತ್ತಲಿಲ್ಲ. ಬೆಳಗ್ಗೆ ಮಣ್ಣು ಮಾಡಿ ಬಂದೆವು. ನನಗೆ ಅಳು ಬರಲಿಲ್ಲ. ಒಳಗೆಲ್ಲ ಮರಗಟ್ಟಿತ್ತು.

ಅವನ ಯಂತ್ರಕ್ಕೆ ಯಾರೋ ವಿಭೂತಿ ಹಚ್ಚಿ, ಊದುಬತ್ತಿ ಸಿಕ್ಕಿಸಿದ್ದರು. "ದಿನದ ಕಾರ್ಯ ಮುಗಿಯೂ ತನಕ ಅವನ ದೀಪ ಆರಸಬ್ಯಾಡ್ರಿ," ಎಂದಿದ್ದರು ಹೆಡ್‌ಕ್ಲರ್ಕ್. ಪರದೆ ಉರಿಯುತ್ತಲೇ ಇತ್ತು. ಫೈಲೂ ಅವನ ಹಿಡಿತದಲ್ಲೇ ಇದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಅಂದು ಸಂಜೆ ಒಳ್ಳೆಯ ಮಳೆ ಬಿತ್ತು. ಕತ್ತಲಾಗುವಷ್ಟರಲ್ಲಿ ಬೀಜಕ್ಕೆಂದು ದುಂಡಸಿ ಕಡೆಯ ರೈತರ ಚಕ್ಕಡಿಗಳು ಅಂಗಳ ತುಂಬಿದವು. ಬೆಳಗ್ಗೆ ಬಿತ್ತದಿದ್ದರೆ ನೆಲದ ಹದ ಆರಿಹೋಗುತ್ತದೆ. ಕಂಪ್ಯೂಟರಿನ ಚೀಟಿ ಇಲ್ಲದೆ ಗೋದಾಮು ತೆರೆಯಬಾರದೆಂದು ಮೇಲಿನವರ ಕಟ್ಟಪ್ಪಣೆ ಬೇರೆ.

ಚೀಟಿ ತೆಗೆಯಲು ಕೂತೆ, ಫೈಲು ಲಾಕ್ ಎಂಬ ಸಂದೇಶ ಬಂತು. ಕೈಮುಗಿದು ಮೂರನೆಯದರ ವಾಯರು ಕಿತ್ತೆ. ಪರದೆ ಆರಿತು. ನನ್ನ ಯಂತ್ರದಲ್ಲಿ ಮಾತ್ರ ಅದೇ ಸಂದೇಶ: ಫೈಲು ಮೂರನೆಯವರ ಬಳಿ ಇದೆ. ಲಾಕ್ ಅಳಿಸಿದೆ, ಮತ್ತೆ ಬಂತು. ಉಳಿದೆರಡನ್ನೂ ಆರಿಸಿ ಹೊತ್ತಿಸಿದೆ... ಮತ್ತೆ ಬಂತು.

ಟಕ್... ಟಕ್... ವಾಯರಿಲ್ಲದ ಯಂತ್ರದ ಕಡೆಯಿಂದ ಕೀಲಿ ಒತ್ತುವ ಸದ್ದು. ಜೊತೆಗೆ ಚನ್ನಪ್ಪನ ತಂಬಾಕಿನ ವಾಸನೆ. ಹೆದರಬೇಕಿತ್ತು, ಹೆದರಿಕೆಯೂ ಬರಲಿಲ್ಲ.

ಬಾಗಿಲಲ್ಲಿ ಕಾವಲುಗಾರ ಹುಸೇನಸಾಬ ನಿಂತಿದ್ದ. "ನಿನಗೂ ಕೇಳಸಾಕತ್ತೇತೇನ?" ಎಂದೆ.

"ಹೂನ್ರಿ," ಎಂದ ಮೆಲ್ಲಗೆ. "ಕೆಲಸ ಮುಗದಿಲ್ಲಂತ ಕುಂತಾರ್ರಿ. ನೀವ ಒಂದ ಮಾತ ಹೇಳ್ರಿ."

ಖಾಲಿ ಕುರ್ಚಿಗೆ ಹೇಳಿದೆ: "ಚನ್ಯಾ, ಸಾಕ ಮಾಡೋ. ಮಂದಿ ಕಾಯಾಕತ್ತಾರ. ಏಳಿನ್ನ, ಹೋಗು."

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಲಾಕ್ ಬಿಟ್ಟಿತ್ತು.

ನಸುಕಿಗೆ ಕೊನೆಯ ಚಕ್ಕಡಿಯೂ ಬೀಜ ಹೇರಿಕೊಂಡು ಹೊರಟಿತು.

ಅವನು ಅಲ್ಲಿದ್ದನೆಂದು ನನಗೆ ಭಯವಿಲ್ಲ, ಗೆಳೆಯನೇ ತಾನೆ. ಆದರೆ ಚನ್ಯಾ ಮಹಾ ಹಟಮಾರಿ, ಯಾರು ಕರೆದರೂ ಕೆಲಸ ಬಿಟ್ಟು ಏಳುತ್ತಿರಲಿಲ್ಲ. ಅವತ್ತು ನಾನು ಹೋಗು ಅಂದೆ, ಮರುಮಾತಿಲ್ಲದೆ ಎದ್ದು ಹೋದ. ಎಲ್ಲಿಗೆ ಅಂತ ನಾನೂ ಕೇಳಲಿಲ್ಲ.