ಎಡ ಮೊಣಕಾಲ ಬಳಿಯ ರಿಸರ್ವ್

ಶಿರಾದ ಆ ಮೆಕ್ಯಾನಿಕ್ ಭಾಯಿ ಯಾವ ಗಾಡಿ ಬಂದರೂ "ಇರಿ, ನೋಡ್ಬುಡಾನ" ಎಂದು ಕೈ ಒರೆಸಿಕೊಳ್ಳುತ್ತಿದ್ದರು. ನನ್ನ ಎಲೆಕ್ಟ್ರಿಕ್ ಬೈಕ್ ಒಂದು ಚಾರ್ಜಿಗೆ ಬರಗೂರಿನ ಶಾಲೆಗೆ ಹೋಗಿ ಬರುವಷ್ಟು ಓಡುತ್ತಿರಲಿಲ್ಲ. ಅಗ್ಗದ ಹಳೇ ಬ್ಯಾಟರಿಯೊಂದನ್ನು ಒಯ್ದು, ಎರಡನ್ನೂ ಸೇರಿಸಿಬಿಡಿ ಎಂದೆ.

"ವಾರಗಿತ್ತೀರ್ನ ಒಂದೇ ಒಲೆ ಮುಂದೆ ಕೂರಿಸ್ತಾರಾ ಮೇಷ್ಟ್ರೇ? ಬೆಂಕಿ ಹತ್ಕೊಂಡ್ಬುಡ್ತದೆ. ಒಂದು ಮುಗೀಲಿ, ಆಮೇಲೆ ಇನ್ನೊಂದು. ಸ್ವಿಚ್ ಹಾಕ್ತೀನಿ. ಪೆಟ್ರೋಲ್ ಗಾಡಿ ನಿಂತ್ರೆ ಏನ್ ಮಾಡ್ತಿದ್ರಿ?"

"ಟ್ಯಾಂಕ್ ಕೆಳಗಿನ ನಲ್ಲೀನ ರಿಸರ್ವ್‌ಗೆ ತಿರುಗಿಸ್ತಿದ್ದೆ" ಎನ್ನುತ್ತಾ ಎಡ ಮೊಣಕಾಲ ಬಳಿ ಕೈ ತಿರುವಿದೆ.

"ಇನ್ನೊಂದ್ಸಲ ಮಾಡಿ, ನೋಡ್ಬುಡಾನ" ಎಂದು ನಕ್ಕರು. ತಮಾಷೆ ಮಾಡುತ್ತಿದ್ದಾರೆಂದುಕೊಂಡೆ.

ಮರುವಾರ ಶಾಲೆಯಿಂದ ಬರುವಾಗ ನಡುದಾರಿಯಲ್ಲಿ ಬೈಕ್ ನಿಂತಿತು. ಸ್ವಿಚ್ ಎಲ್ಲಿಟ್ಟಿದ್ದಾರೆಂದು ನಾನು ಕೇಳಿಯೇ ಇರಲಿಲ್ಲ. ಕೈ ಮಾತ್ರ ಹಳೇ ಅಭ್ಯಾಸಕ್ಕೆ ಮೊಣಕಾಲ ಬಳಿ ಹೋಯಿತು.

ಅಲ್ಲೇ ಇತ್ತು.